ಕಮಲ ನೇಯ್ದರೆ ಗೋಪಾಲನೂ ಸಿಕ್ಕಾನು

ಮಾನ್ಯರೇ,

ಕೈಮಗ್ಗದ ಬಟ್ಟೆಯಲ್ಲಿ ಹೆಸರು ಅಡಗಿಸುವ ಬಗ್ಗೆ ಬಂದ ಬರಹದಲ್ಲಿ, ‘ಅಕ್ಷರಕ್ಕೊಂದು ಚೌಕಟ್ಟು ಗೊತ್ತುಮಾಡಿ ಎಳೆ ಪೋಣಿಸಿದರಾಯಿತು, ಬಲ್ಲವರು ಬಟ್ಟೆ ನೋಡಿಯೇ ಹೆಸರು ಓದುತ್ತಾರೆ’ ಎಂದಿತ್ತು. ಮೊದಲ ಮಾತು ಅರೆಬರೆ, ಎರಡನೆಯದು ತಪ್ಪು.

ಹಾಸಿನ (ಉದ್ದದ) ಎಳೆ ಎತ್ತುವ ಚೌಕಟ್ಟು ನಾಲ್ಕಿರುವ ಮಗ್ಗವನ್ನೇ ನೋಡಿ. ಎಲ್ಲರಿಗೂ ಮೊದಲು ಹೊಳೆಯುವುದು ವರ್ಗಾಕ್ಷರಗಳ ಕಂಬಸಾಲು: ಕ ಚ ಟ ತ ಪ 1ಕ್ಕೆ, ಖ ಛ ಠ ಥ ಫ 2ಕ್ಕೆ, ಗ ಜ ಡ ದ ಬ 3ಕ್ಕೆ, ಘ ಝ ಢ ಧ ಭ 4ಕ್ಕೆ. ಇದು ಕೈಕೊಡುತ್ತದೆ. ಹೆಸರುಗಳಲ್ಲಿ ಮಹಾಪ್ರಾಣ ಕಡಿಮೆ, ಹಾಗಾಗಿ 1 ಮತ್ತು 3 ತುಂಬಿ ತುಳುಕುತ್ತವೆ, 2 ಮತ್ತು 4 ಖಾಲಿ. ಹಾಸಿನಲ್ಲಿ ಬೆಸ, ಸಮ ಒಂದಾದ ಮೇಲೊಂದು ಬರಲೇಬೇಕು. 1–3 ಎತ್ತಿ ಒಂದು ಹೊಕ್ಕು (ಅಡ್ಡ ಎಳೆ), 2–4 ಎತ್ತಿ ಇನ್ನೊಂದು ಹಾಕಿದರಷ್ಟೇ ತಳದ ಸಾದಾ ನೇಯ್ಗೆ ನಿಲ್ಲುತ್ತದೆ. ಎರಡು ಬೆಸ ಪಕ್ಕಪಕ್ಕ ಬಿದ್ದರೆ ನಡುವೆ ಸಮದ ಎಳೆಯೊಂದನ್ನು ತುಂಬಬೇಕು. ಕಂಬಸಾಲಿನ ಲೆಕ್ಕ ಹಿಡಿದರೆ ತುಂಬಿದ ಎಳೆಗಳೇ ಹೆಚ್ಚುಕಡಿಮೆ ಹೆಸರಿನ ಎಳೆಗಳಷ್ಟಾಗುತ್ತವೆ.

ಅಡ್ಡಸಾಲು ವಾಸಿ. ಕವರ್ಗ, ಚವರ್ಗ 1, ಟವರ್ಗ, ತವರ್ಗ 2, ಪವರ್ಗ 3, ಯ ದಿಂದ ಳ ವರೆಗೆ 4. ‘ಕಮಲ’ 1-3-4 ಆಗುತ್ತದೆ. 1 ಮತ್ತು 3ರ ನಡುವೆ 2 ತುಂಬಿದರೆ 1-2-3-4. ತಿರುಗಿಸಿ ಜೋಡಿಸಿದರೆ 1-2-3-4-3-2, ಆರು ಎಳೆಗಳ ಒಂದು ಆವರ್ತ. ತಿರುವಿನಲ್ಲಿ 4 ಎರಡು ಸಲ ಬರಬಾರದು, ಬಂದರೆ ಎರಡೂ ಎಳೆ ಒಂದೇ ಆಗಿ ಏಳುತ್ತವೆ. ಆದರೆ ಇದು ನೇಯುವವರಿಗೆಲ್ಲ ಗೊತ್ತಿರುವ ಸಾಮಾನ್ಯ ವಜ್ರದ ವಿನ್ಯಾಸ! ಗುಟ್ಟೆಲ್ಲಿ ಬಂತು? ಎಂಟು-ಹತ್ತು ಅಕ್ಷರವಾದರೂ ಇದ್ದರೆ ವಿನ್ಯಾಸಕ್ಕೆ ತನ್ನದೇ ಮುಖ ಬರುತ್ತದೆ. ವಿನ್ಯಾಸದ ಹೊಕ್ಕು ತಳದ ಹೊಕ್ಕಿನ ಎರಡರಷ್ಟು ದಪ್ಪವಿರಲಿ, ಎರಡನ್ನೂ ಒಂದು ಬಿಟ್ಟು ಒಂದು ಹಾಕಿ. ಸೆಂಟಿಮೀಟರಿಗೆ 10 ಎಳೆಯ ಹಾಸಿನಲ್ಲಿ ಹೊಕ್ಕು 12 ಎಳೆ ದಾಟಿ ತೇಲಿದರೆ 1.2 ಸೆಂ.ಮೀ. ಸಡಿಲ ನೂಲು, ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಅಂಥ ಕಡೆ ತುಂಬುವ ಎಳೆಯನ್ನು 2ರ ಬದಲು 4ಕ್ಕೆ ಹಾಕಿದರೆ ಬಹುಪಾಲು ತೇಲು ಮುರಿಯುತ್ತದೆ.

ಇನ್ನು ಓದುವ ಮಾತು. ‘ಗೋಪಾಲ’ ಕೂಡ 1-3-4! 34 ವ್ಯಂಜನಗಳನ್ನು ನಾಲ್ಕರಲ್ಲಿ ತುರುಕಿ ಕಾಗುಣಿತ ಬಿಟ್ಟ ಮೇಲೆ ಯಾವ ಬಲ್ಲವರೂ ಬಟ್ಟೆಯಿಂದ ಹೆಸರು ಹೊರತೆಗೆಯಲಾರರು. ಸಂಕೇತದ ಕೀಲಿ ಕೈಯಲ್ಲಿದ್ದರೂ ಅಷ್ಟೇ.

ಓದಲು ಬರಲೇಬೇಕೆಂದರೆ ದಾರಿ ಬೇರೆ. ಕಂಪ್ಯೂಟರಿನಲ್ಲಿ ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 128, ಅಂದರೆ 0 ಇಲ್ಲವೇ 1 ತುಂಬುವ ಏಳು ಚೌಕ ಸಾಕು. ಸೊನ್ನೆಯಿಂದ ಎಣಿಸಿದರೆ ಕ 21, ಮ 46, ಲ 50. 0, 1 ಮಾತ್ರ ಬಳಸುವ ದ್ವಿಮಾನ ಲೆಕ್ಕದಲ್ಲಿ 21 ಎಂದರೆ 0010101. 1 ಇದ್ದಲ್ಲಿ ಬಣ್ಣದ ಹೆಚ್ಚುವರಿ ಹೊಕ್ಕಿನ ಬುಟ್ಟಾ, 0 ಇದ್ದಲ್ಲಿ ಸಾದಾ. ಬುಟ್ಟಾಗಳ ಸಂಖ್ಯೆ ಸಮವಾಗುವಂತೆ ಎಂಟನೆಯ ಚೌಕ ಸೇರಿಸಿದರೆ ಕ 00101011. ಚೌಕಕ್ಕೆ ಆರು ಎಳೆಯಂತೆ 48 ಎಳೆ, ಅಕ್ಷರಕ್ಕೊಂದು ಸಾಲು, ಸಾಲುಗಳ ನಡುವೆ ನಾಲ್ಕು ಸಾದಾ ಹೊಕ್ಕು. ಕಾಗುಣಿತದ ಗುರುತಿಗೂ ಒತ್ತಕ್ಷರ ಕೂಡಿಸುವ ಹಲಂತಕ್ಕೂ (್) ಬೇರೆ ಸಾಲು ಬೇಕು. ‘ಗೋಪಾಲ’ನಿಗೆ ಐದು ಸಾಲು, ‘ಕಮಲ’ಳಿಗೆ ಮೂರೇ.

ಎಂಟನೆಯ ಚೌಕವನ್ನು ಅತಿಯಾಗಿ ನಂಬಬೇಡಿ. ಸಾಲಿನಲ್ಲಿ ಒಂದು ಬುಟ್ಟಾ ತಪ್ಪಿದರೆ ಅದು ಹಿಡಿಯುತ್ತದೆ, ಎರಡು ತಪ್ಪಿದರೆ ಇಲ್ಲ. ಬಟ್ಟೆ ಮಗುಚಿದರೂ ಹಿಡಿಯದು: ಕ 11010100 ಆಗುತ್ತದೆ, ಮೊದಲ ಏಳು ಚೌಕ 106, ಆ ಸ್ಥಾನದಲ್ಲಿರುವುದು ೪ ಎಂಬ ಅಂಕಿ. ಬುಟ್ಟಾ ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ! ಆದ್ದರಿಂದ ಎಡ ಅಂಚಿನಲ್ಲಿ ಬೇರೆ ಬಣ್ಣದ ನಾಲ್ಕು ಹಾಸಿನ ಎಳೆ, ಮೊದಲ ಸಾಲಿನ ಮೇಲೆ ಪೂರಾ ತುಂಬಿದ ಒಂದು ಪಟ್ಟಿ ಇರಲಿ.

– ನೇಯ್ಗೆ ಬಲ್ಲ ಓದುಗರು