ಬೋರ್ಡ್ ಹೋಗಿದೆ ಅನ್ನುವ ಮೊದಲು ಓಮ್ ಅಳೆಯಿರಿ

ಮಾನ್ಯ ಸಂಪಾದಕರೇ,

ಬದಿಯಡ್ಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಎಷ್ಟೋ ಕಂಪ್ಯೂಟರುಗಳನ್ನು ಅದಾಗಲೇ ಬೇರೆಲ್ಲೋ ತೋರಿಸಿ ಆಗಿರುತ್ತದೆ. "ಪ್ರೊಸೆಸರ್ ಲೈನ್ ಶಾರ್ಟ್, ಮದರ್‌ಬೋರ್ಡ್ ಬದಲಿಸಿ" ಅಂದು ಕಳಿಸಿರುತ್ತಾರೆ. ಅಂದರೆ ಪ್ರೊಸೆಸರಿಗೆ ಕರೆಂಟ್ ಕೊಡುವ ದಾರಿ ನೇರ ಗ್ರೌಂಡಿಗೆ, ಅಂದರೆ ಕರೆಂಟ್ ವಾಪಸಾಗುವ ದಾರಿಗೆ, ತಾಗಿಬಿಟ್ಟಿದೆ ಅಂತ. ಮೀಟರ್ ಎಷ್ಟು ಓಮ್ (ಕರೆಂಟಿಗೆ ಇರುವ ಅಡ್ಡಿಯ ಅಳತೆ) ತೋರಿಸಿತು ಅಂತ ಕೇಳಿದರೆ ಗಿರಾಕಿಗೆ ಗೊತ್ತಿರುವುದಿಲ್ಲ.

ಹೆಚ್ಚಾಗಿ ಇದು ಮಲ್ಟಿಮೀಟರಿನ ಬೀಪ್ ಕೇಳಿ ಮಾಡಿದ ತೀರ್ಮಾನ. ಪ್ರೊಸೆಸರ್ ಪಕ್ಕದ ಕಾಯಿಲ್‌ಗೆ ಒಂದು ಪ್ರೋಬ್, ಸ್ಕ್ರೂ ತೂತಿನ ಗ್ರೌಂಡಿಗೆ ಇನ್ನೊಂದು ಇಟ್ಟರೆ ಒಳ್ಳೆಯ ಬೋರ್ಡುಗಳೂ ಬೀಪ್ ಅನ್ನುತ್ತವೆ. ಸುಮಾರು 30–50 ಓಮ್‌ಗಿಂತ ಕಡಿಮೆ ಇದ್ದರೆ ಸಾಕು, ಹೆಚ್ಚಿನ ಮೀಟರುಗಳು ಕೂಗುತ್ತವೆ. ಪ್ರೊಸೆಸರ್ ಒಂದು ವೋಲ್ಟ್ ಆಸುಪಾಸಿನಲ್ಲಿ ಹತ್ತಾರು ಆಂಪಿಯರ್ ಎಳೆಯುತ್ತದೆ. ಅದರ ಲೈನಿನಲ್ಲಿ ಕೆಲವೇ ಓಮ್, ಕೆಲವು ಮಾಡೆಲುಗಳಲ್ಲಿ ಒಂದು ಓಮ್‌ಗಿಂತಲೂ ಕಡಿಮೆ ಬರುವುದು ಸಹಜ. ಹಾಗಾಗಿ ಬೀಪ್ ಬಿಟ್ಟು 200 ಓಮ್ ರೇಂಜಿಗೆ ಹಾಕಿ ನೋಡಬೇಕು. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯಬೇಕು. ಡೆಸ್ಕ್‌ಟಾಪ್ ಆದರೆ ಪ್ರೊಸೆಸರ್ ಬಿಚ್ಚಿ ಇನ್ನೊಮ್ಮೆ ಅಳೆದು, ಕಡಿಮೆ ಅಂಕಿ ಪ್ರೊಸೆಸರಿನದ್ದೋ ಬೋರ್ಡಿನದ್ದೋ ಅಂತ ನೋಡಬಹುದಲ್ವಾ?

ಲ್ಯಾಪ್‌ಟಾಪಿನ 19 ವೋಲ್ಟ್ ಲೈನಿನಲ್ಲಿ ಸಾಮಾನ್ಯವಾಗಿ ಸಾವಿರಗಟ್ಟಲೆ ಓಮ್ ಬರಬೇಕು. ಅಲ್ಲಿ ಸೊನ್ನೆಯ ಹತ್ತಿರ ಬಂದರೆ ನಿಜವಾದ ಶಾರ್ಟ್. ಆದರೂ ಇಡೀ ಬೋರ್ಡ್ ಹೋಯಿತು ಅಂತಲ್ಲ. ಎಷ್ಟೋ ಸಲ ಸಾಸಿವೆಯಷ್ಟು ಚಿಕ್ಕ ಸೆರಾಮಿಕ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಒಂದು ಒಳಗೇ ಬಿರುಕು ಬಿಟ್ಟಿರುತ್ತದೆ. ಹುಡುಕಲು ತಾಳ್ಮೆ ಬೇಕು, ಬದಲಿಸಲು ಖರ್ಚು ತುಂಬಾ ಕಡಿಮೆ.

ಕರೆಂಟಿಗೆ ಅಡ್ಡಿ ಒಡ್ಡುವ ಬಿಡಿಭಾಗವಾದ ರೆಸಿಸ್ಟರ್ ವಿಷಯದಲ್ಲೂ ಅವಸರ ಬೇಡ. 103 ಅಂತ ಬರೆದದ್ದು 10 ಕಿಲೋ ಓಮ್. ಬೋರ್ಡಿನಲ್ಲಿದ್ದ ಹಾಗೆಯೇ ಅಳೆದಾಗ 4 ಕಿಲೋ ಬಂದರೆ ಅದು ಕೆಟ್ಟಿದೆ ಅನ್ನಲಾಗದು. ಅಕ್ಕಪಕ್ಕದ ದಾರಿಗಳಲ್ಲೂ ಕರೆಂಟ್ ಹರಿದಿರುತ್ತದೆ. ಒಂದು ತುದಿ ಎತ್ತಿ ಅಳೆದರೆ ಗೊತ್ತಾಗುತ್ತದೆ. ಬೋರ್ಡಿನಲ್ಲೇ 10 ಕಿಲೋಗಿಂತ ತುಂಬಾ ಜಾಸ್ತಿ ಬಂದರೆ ಮಾತ್ರ ಅದು ಹೋಗಿದೆ. ಇದೆಲ್ಲ ಅಡಾಪ್ಟರ್, ಬ್ಯಾಟರಿ, ಸಿಮೋಸ್ ಸೆಲ್ (ಬೋರ್ಡಿನ ಮೇಲಿನ ಚಿಕ್ಕ ಬಿಲ್ಲೆ ಸೆಲ್) ತೆಗೆದು, ಕೆಪಾಸಿಟರುಗಳ ಚಾರ್ಜ್ ಇಳಿದ ಮೇಲಿನ ಮಾತು. ಕರೆಂಟ್ ಇರುವಾಗ ಓಮ್ ಅಳೆಯಲೇಬಾರದು.

ಅಡಿಕೆಗೆ ಕೊಳೆರೋಗ ಬಂದ ವರ್ಷವೂ ಹೇಗೋ ದುಡ್ಡು ಹೊಂದಿಸಿ ಮಕ್ಕಳ ಓದಿಗೆ ಕಂಪ್ಯೂಟರ್ ತಂದ ಮನೆಗಳು ನಮ್ಮಲ್ಲಿವೆ. ಅವರಿಗೆ ಸುಮ್ನೆ ಹೊಸ ಬೋರ್ಡಿನ ಖರ್ಚು ಹೊರಿಸುವುದನ್ನು ನೋಡಲಾಗುವುದಿಲ್ಲ. ಕಾಸರಗೋಡಿನ ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ: ಬೋರ್ಡ್ ಬದಲಿಸಲು ಹೇಳುವಾಗ ಯಾವ ಲೈನ್, ಎಷ್ಟು ಓಮ್ ಎಂದು ಬಿಲ್ಲಿನ ಹಿಂದೆ ಬರೆದುಕೊಡಿ. ಗಿರಾಕಿಗಳೂ ಅದನ್ನು ಕೇಳಿ ಪಡೆಯಲಿ.

– ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್, ಬದಿಯಡ್ಕ