ಸಲಾಲಾದಿಂದ ಅಪ್ಪನಿಗೆ: ಪೊರೆ ಹಣ್ಣಾಗುವವರೆಗೆ ಕಾಯಬೇಡಿ

ಸಲಾಲಾ, ಒಮಾನ್
ಆಗಸ್ಟ್ ಕೊನೆಯ ವಾರ

ತೀರ್ಥರೂಪು ಅಪ್ಪನವರ ಪಾದಗಳಿಗೆ ಶರಣು ಶರಣಾರ್ಥಿ. ನಾನು ಕ್ಷೇಮ. ಕಲಬುರಗಿಯ ಶರಣಬಸವೇಶ್ವರರ ಕೃಪೆಯಿಂದ ನೀವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಅವ್ವನಿಗೂ ಕಾಕಾನಿಗೂ ನನ್ನ ನಮಸ್ಕಾರ ತಿಳಿಸಿರಿ. ಈ ಪತ್ರವನ್ನು ನನ್ನ ತಮ್ಮ ನಿಮ್ಮ ಮುಂದೆ ಕುಳಿತು ಗಟ್ಟಿಯಾಗಿ ಓದಬೇಕು, ನಡುವೆ ಒಂದು ಸಾಲನ್ನೂ ಬಿಡಬಾರದು.

ತಮ್ಮ ಬರೆದದ್ದು ಮೊನ್ನೆ ಬಂದು ಮುಟ್ಟಿತು. ನೀವು ತೊಗರಿ ಹೊಲದ ಬದುವಿನಿಂದ ಬಿದ್ದದ್ದನ್ನು ನನಗೆ ತಿಳಿಸಬಾರದೆಂದು ಅವ್ವ ಹೇಳಿದ್ದಳಂತೆ. ನಲವತ್ತು ವರ್ಷ ನೀವೇ ಮಣ್ಣು ಹಾಕಿ ಕಟ್ಟಿದ ಬದು ಅದು, ಕತ್ತಲಲ್ಲಿಯೂ ನಿಮ್ಮ ಕಾಲಿಗೆ ಅದರ ಗುರುತಿತ್ತು. ಅಂಥ ಬದು ಮಧ್ಯಾಹ್ನದ ಬಿಸಿಲಿನಲ್ಲಿ ನಿಮಗೆ ಕಾಣಲಿಲ್ಲವೆಂದು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಬಲಗಣ್ಣು ಪೂರ್ತಿ ಮಸುಕಾಗಿದೆ, ಎಡಗಣ್ಣಿಗೂ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ್ದರೂ, ಪೊರೆ ಇನ್ನೂ ಹಣ್ಣಾಗಿಲ್ಲ, ರಾಶಿ ಮುಗಿದ ಮೇಲೆ ನೋಡೋಣ ಎಂದು ನೀವು ಹಟ ಹಿಡಿದಿರುವಿರೆಂದು ತಿಳಿಯಿತು. ಆ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು, ಸಮುದ್ರದ ದಂಡೆಯ ಗಡಿಯಲ್ಲಿ ಏನು ನೋಡಿದಿ, ಯಾವ ಪ್ರಾಣಿ ಕಂಡವು ಎಂದು ನೀವು ಕೇಳಿಸಿದ್ದಕ್ಕೂ, ಯೆಮನ್ ಗಡಿಯ ಕಡೆಗೆ ಹೋಗಬೇಡವೆಂದು ಅವ್ವ ಅತ್ತದ್ದಕ್ಕೂ ಉತ್ತರ ಬರೆಯಬೇಕು.

ಅವ್ವ ಹೆದರುವ ಕಾರಣವೇ ಇಲ್ಲ. ಒಮಾನ್ ಮತ್ತು ಯೆಮನ್ ದೇಶಗಳು 1992ರಲ್ಲಿಯೇ ಒಪ್ಪಂದ ಮಾಡಿಕೊಂಡು ಗಡಿಯನ್ನು ಗೊತ್ತುಪಡಿಸಿಕೊಂಡಿವೆ. ದಾರಿಯಲ್ಲಿ ಸೈನ್ಯದ ತಪಾಸಣೆ ಇರುತ್ತದೆ, ಗುರುತಿನ ಚೀಟಿ ನೋಡಿ ಮರ್ಯಾದೆಯಿಂದಲೇ ಬಿಡುತ್ತಾರೆ. ನಮ್ಮ ಕಂಪನಿ ರಸ್ತೆಯ ದುರಸ್ತಿ ಕೆಲಸ ಮಾಡುವುದರಿಂದ ಮಳೆಗಾಲದಲ್ಲಿ ಕಲ್ಲು ಜರಿದ ಕಡೆಗೆಲ್ಲ ನಾವು ಹೋಗಲೇಬೇಕು. ಒಬ್ಬನೇ ಎಂದೂ ಹೋಗುವುದಿಲ್ಲ, ನಾಲ್ಕು ಜನ ಒಂದೇ ಗಾಡಿಯಲ್ಲಿ ಹೋಗಿ ಬರುತ್ತೇವೆ. ಊಟಕ್ಕೆ ತೊಂದರೆಯಿಲ್ಲ, ಜೋಳದ ಹಿಟ್ಟು ಸಿಗುತ್ತದೆ, ಎರಡು ಕಿಲೋ ತೂಕವೂ ಹೆಚ್ಚಾಗಿದೆ.

ಮರುಭೂಮಿಯ ದೇಶವೆಂದು ಊರಿನವರು ಅಂದುಕೊಂಡಿದ್ದಾರೆ, ಆದರೆ ಧೋಫಾರ್ ಎಂಬ ಈ ಸೀಮೆಯಲ್ಲಿ ಈಗ ಬೆಟ್ಟಗಳೆಲ್ಲ ನಮ್ಮ ಶ್ರಾವಣದ ಹಾಗೆ ಹಸಿರಾಗಿವೆ. ಮಸ್ಕತ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಇಲ್ಲಿ 26, 27 ಡಿಗ್ರಿಯಷ್ಟೇ ಇರುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಈ ಕಾಲಕ್ಕೆ ಖರೀಫ್ ಎನ್ನುತ್ತಾರೆ. ಶಬ್ದ ನಾವು ಮುಂಗಾರು ಬೆಳೆಗೆ ಹೇಳುವ ಖರೀಫೇ, ಗಾಳಿಯೂ ನಮ್ಮ ಹೊಲಕ್ಕೆ ಮಳೆ ತರುವ ಅದೇ ನೈರುತ್ಯದ ಗಾಳಿ. ಆ ಗಾಳಿ ದಂಡೆಯ ಮೇಲ್ನೀರನ್ನು ದೂರ ತಳ್ಳಿದಾಗ ಸಮುದ್ರದ ಆಳದಿಂದ ತಣ್ಣೀರು ಮೇಲೇಳುತ್ತದೆ, ಅದರ ತಂಪಿಗೆ ಗಾಳಿಯ ತೇವವೆಲ್ಲ ಮಂಜಾಗಿ ಬೆಟ್ಟದ ಎದೆಗೆ ಅಪ್ಪಿಕೊಂಡು ನಿಲ್ಲುತ್ತದೆ. ಧೋ ಎಂದು ಮಳೆ ಸುರಿಯುವುದು ಅಪರೂಪ. ಮರದ ಎಲೆಗಳೇ ಮಂಜನ್ನು ಹಿಡಿದು ಹನಿಹನಿಯಾಗಿ ಬೇರಿಗೆ ಇಳಿಸುತ್ತವೆ, ಹಾಗೆ ನೀರು ಹಿಡಿಯುವ ಮರಗಳಲ್ಲಿ ನಮ್ಮ ದಿಂಡಿಗದ ಹತ್ತಿರದ ಸಂಬಂಧಿಯೊಂದು ಮುಖ್ಯವಾದದ್ದು. ಬೆಟ್ಟದ ನೆತ್ತಿ ದಾಟಿ ಆಚೆ ಇಳಿದರೆ ಬರೀ ಕಲ್ಲು ಮತ್ತು ಒಣಮಣ್ಣು. ಧೂಪದ ಮರ ಬೆಳೆಯುವುದು ಆ ಒಣಭಾಗದಲ್ಲಿ. ತೊಗಟೆಯನ್ನು ಕೆತ್ತಿದರೆ ಹಾಲಿನಂಥ ಅಂಟು ಒಸರಿ ಗಟ್ಟಿಯಾಗುತ್ತದೆ, ಅದಕ್ಕೆ ಇವರು ಲುಬಾನ್ ಎನ್ನುತ್ತಾರೆ. ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ನಾವು ಲೋಬಾನ ಎಂದು ಕರೆಯುವುದೂ ಇದೇ ಶಬ್ದದಿಂದ ಬಂದದ್ದು.

ಸಲಾಲಾದಿಂದ ಪಡುವಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮುಗ್ಸೈಲ್ ಎಂಬ ದಂಡೆಯಿದೆ. ಅಲ್ಲಿ ಬಂಡೆಯ ಕೆಳಗೆ ತೆರೆ ನುಗ್ಗಿದಾಗ ಬಂಡೆಯ ತೂತುಗಳಿಂದ ನೀರು ತೆಂಗಿನ ಮರದೆತ್ತರಕ್ಕೆ ಚಿಮ್ಮುತ್ತದೆ. ಅದನ್ನು ದಾಟಿದೊಡನೆ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಜಬಲ್ ಅಲ್ ಕಮರ್, ಅಂದರೆ ಚಂದ್ರನ ಬೆಟ್ಟವನ್ನು ಏರುತ್ತದೆ. ಯೆಮನ್ ಗಡಿಯವರೆಗೂ ಈ ಬೆಟ್ಟವೇ ಸಮುದ್ರದ ಪಕ್ಕಕ್ಕೆ ಗೋಡೆಯಂತೆ ನಿಂತಿದೆ. ಬೆಟ್ಟದ ಜನ ಆಡುವ ಜಿಬ್ಬಾಲಿ ಭಾಷೆ ಅರಬ್ಬಿಗಿಂತ ಬೇರೆಯೇ. ಅವರು ಒಂಟೆಯ ಜೊತೆಗೆ ಆಕಳನ್ನೂ ಸಾಕುತ್ತಾರೆ, ಗಿಡ್ಡ ಜಾತಿಯ ಗಟ್ಟಿ ಆಕಳುಗಳು. ನೀವಾದರೆ ನಿಲ್ಲಿಸಿ ಹಲ್ಲು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಮೇವಿಲ್ಲದ ತಿಂಗಳುಗಳಲ್ಲಿ ದನಕ್ಕೂ ಒಂಟೆಗೂ ಒಣಗಿಸಿದ ಭೂತಾಯಿ ಮೀನನ್ನು ಹಾಕುತ್ತಾರೆ ಎಂದರೆ ಅವ್ವ ನಂಬಲಿಕ್ಕಿಲ್ಲ, ಆದರೆ ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ವಾರ ಗಡಿಯ ಹತ್ತಿರದ ತಿರುವಿನಲ್ಲಿ ಮಣ್ಣು ಕುಸಿದಿತ್ತು. ಮಂಜು ಎಷ್ಟೆಂದರೆ ಗಾಡಿಯ ಮೂತಿಯೇ ಕಾಣುತ್ತಿರಲಿಲ್ಲ. ನಿಮ್ಮ ಕಣ್ಣಿಗೆ ಮನೆಯ ಅಂಗಳವೂ ಹೀಗೆಯೇ ಕಾಣುತ್ತಿರಬಹುದೆಂದು ಆಗ ಅನಿಸಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಕೆಳಗಿಳಿದು ನೋಡಿದರೆ ಹಸಿಮಣ್ಣಿನಲ್ಲಿ ಹೆಜ್ಜೆಗಳಿದ್ದವು. ಜೊತೆಗಿದ್ದವರೆಲ್ಲ ಚಿರತೆ ಚಿರತೆ ಎಂದು ಗಾಡಿ ಹತ್ತಿದರು. ಅವರ ಮಾತಿನಲ್ಲಿಯೂ ಅರ್ಥವಿತ್ತು, ಏಕೆಂದರೆ ಅರಬ್ಬಿ ಚಿರತೆ ಉಳಿದಿರುವ ಕೆಲವೇ ಕೆಲವು ಕಡೆಗಳಲ್ಲಿ ಈ ಬೆಟ್ಟಗಳೂ ಒಂದು. ಇಡೀ ಜಗತ್ತಿನ ಕಾಡುಗಳಲ್ಲಿ ಅವು ಈಗ 200ಕ್ಕಿಂತ ಕಡಿಮೆ, ನಮ್ಮ ಕಡೆಯ ಚಿರತೆಗಿಂತ ಬಹಳ ಸಣ್ಣವು, ಅವು ಇರುವ ಮೂಡಣದ ಜಬಲ್ ಸಮ್ಹಾನ್ ಬೆಟ್ಟವನ್ನು 1997ರಲ್ಲಿ ಸರಕಾರ ರಕ್ಷಿತ ಪ್ರದೇಶ ಮಾಡಿತು. ಆದರೆ ನಾನು ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ನಾಲ್ಕೂ ಬೆರಳ ಮುಂದೆ ಉಗುರಿನ ಗುರುತು ಸ್ಪಷ್ಟವಾಗಿತ್ತು, ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದಿತ್ತು. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ, ಮುಂದು ದೊಡ್ಡದಾಗಿ ಹಿಂದು ಸಣ್ಣದಾದರೆ ಅದು ಕತ್ತೆಕಿರುಬ ಎಂದು ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯ ಕೆಸರಿನಲ್ಲಿ ನನ್ನ ಬೆರಳು ಹಿಡಿದು ಹೆಜ್ಜೆಯ ಅಂಚಿನ ಮೇಲೆ ತಿರುಗಿಸಿ ಕಲಿಸಿದವರು ನೀವು. ಆಗ ನನಗೆ ಒಂಬತ್ತು ವರ್ಷ, ಚಿಂಚೋಳಿಯ ಕಾಡು ವನ್ಯಜೀವಿಧಾಮವಾದದ್ದು ಬಹಳ ಕಾಲದ ನಂತರ, 2011ರಲ್ಲಿ. ನಾನು ಕತ್ತೆಕಿರುಬವೆಂದು ಹೇಳಿದ್ದನ್ನು ಬೆಟ್ಟದ ಮುದುಕರೊಬ್ಬರು ಬಂದು ನೋಡಿ ಸರಿಯೆಂದರು, ಯಾರಿಂದ ಕಲಿತೆ ಎಂದು ಕೇಳಿದರು. ನಮ್ಮ ತಂದೆಯವರಿಂದ ಎಂದು ಹೇಳುವಾಗ ನನಗಾದ ಹೆಮ್ಮೆಯನ್ನು ಬರೆದು ತಿಳಿಸಲಾರೆ.

ಅವರೇ ಒಂದು ಕೊಂಬೆಯತ್ತ ಬೆರಳು ತೋರಿಸಿ ನೋಡು ಎಂದರು. ಬಹಳ ಹೊತ್ತು ಎಲೆಗಳೇ ಕಂಡವು. ಕೊನೆಗೆ ಒಂದು ಎಲೆಯ ನಡುವೆ ಸಣ್ಣ ಉಬ್ಬಿನಂಥದ್ದು ನಿಧಾನವಾಗಿ ಹಿಂದಕ್ಕೆ ತಿರುಗಿತು, ಅದು ಗೋಸುಂಬೆಯ ಕಣ್ಣು. ಒಂದು ಕಣ್ಣು ನನ್ನ ಕಡೆಗೆ, ಇನ್ನೊಂದು ಮೇಲಿನ ನೊಣದ ಕಡೆಗೆ. ಮೈಮೇಲೆ ಮಂಜಿನ ಹನಿಗಳು ಸಾಲಾಗಿ ಕುಳಿತಿದ್ದವು. ನೀವಿದ್ದಿದ್ದರೆ ಗಾಡಿಯೊಳಗಿಂದಲೇ ಅದನ್ನು ಕಂಡುಹಿಡಿಯುತ್ತಿದ್ದಿರಿ. ಎರಡು ಹೊಲದಾಚೆ ನಿಂತ ಜಿಂಕೆಯನ್ನು ಕಿವಿಯ ಅಲುಗಾಟದಿಂದ ಗುರುತಿಸುತ್ತಿದ್ದ ಕಣ್ಣುಗಳು ನಿಮ್ಮವು.

ಅಪ್ಪಾ, ಆ ಕಣ್ಣುಗಳನ್ನು ಹಾಗೆಯೇ ಬಿಡಬೇಡಿರಿ. ನನ್ನ ಕೋಣೆಯ ಜೊತೆಗಾರ ಕೇರಳದವನು, ಇಲ್ಲಿಯ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದ್ದೇನೆ. ಪೊರೆ ಹಣ್ಣಾಗಬೇಕೆಂಬುದು ಹಳೆಯ ಕಾಲದ ಮಾತು, ಈಗ ಬಹಳ ಬಲಿಯಲು ಬಿಟ್ಟರೆ ಅದು ಗಟ್ಟಿಯಾಗಿ ತೆಗೆಯುವುದೇ ಕಷ್ಟವಾಗುತ್ತದೆ, ಕೆಲವರಿಗೆ ಕಣ್ಣಿನ ಒತ್ತಡವೂ ಏರುತ್ತದೆ. ಕಣ್ಣಿಗೆ ಮಾತ್ರ ಮರಗಟ್ಟಿಸುವ ಔಷಧ ಹಾಕಿ, ಮಸುಕಾದ ಮಸೂರವನ್ನು ತೆಗೆದು ಬೇರೆ ಮಸೂರ ಕೂರಿಸುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ ಬರಬಹುದು. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ರಕ್ತ ತೋರಿಸಿ ಅದನ್ನು ಹತೋಟಿಗೆ ತರಬೇಕು. ಆಪರೇಷನ್ ಆದ ಮೇಲೆ ಊರಿನ ಹಿರಿಯರೊಬ್ಬರ ಕಣ್ಣು ಕೆಟ್ಟದ್ದನ್ನು ನೀವು ಮತ್ತೆ ಮತ್ತೆ ಹೇಳುತ್ತೀರಿ. ಅವರು ವಾರ ತುಂಬುವ ಮುಂಚೆಯೇ ಕಣದ ಧೂಳಿನಲ್ಲಿ ನಿಂತು ಹಳ್ಳದ ನೀರಿನಲ್ಲಿ ಮುಖ ತೊಳೆದದ್ದನ್ನು ನಾನೇ ನೋಡಿದ್ದೇನೆ. ನೀವು ಹಾಗೆ ಮಾಡುವವರಲ್ಲ, ಅವ್ವ ಮಾಡಗೊಡುವವಳೂ ಅಲ್ಲ.

ತೊಗರಿ ರಾಶಿಗೆ ಇನ್ನೂ ನಾಲ್ಕು ತಿಂಗಳಿದೆ. ಸೆಪ್ಟೆಂಬರ್‌ನಲ್ಲಿ ಬಲಗಣ್ಣು ಆದರೆ, ಡಾಕ್ಟರು ಹೇಳಿದಷ್ಟು ದಿನ ಬಿಟ್ಟು ಎಡಗಣ್ಣೂ ಆಗಿ, ಎಳ್ಳ ಅಮಾವಾಸ್ಯೆಗೆ ನೀವೇ ಚರಗ ಚೆಲ್ಲುತ್ತ ಹೊಲ ಸುತ್ತಬಹುದು. ತಮ್ಮನ ಖಾತೆಗೆ ನಲವತ್ತು ಸಾವಿರ ರೂಪಾಯಿ ಹಾಕಿದ್ದೇನೆ, ಸಾಲದಿದ್ದರೆ ಮುಂದಿನ ತಿಂಗಳು ಇನ್ನಷ್ಟು ಹಾಕುತ್ತೇನೆ. ಅದನ್ನು ಗೊಬ್ಬರಕ್ಕಾಗಲಿ, ಮಾದೇವಿಯ ಮನೆಯ ಕಾರ್ಯಕ್ಕಾಗಲಿ ಮುಟ್ಟಬಾರದು. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಓವರ್‌ಟೈಮ್ ಸಿಗುತ್ತಿದೆ, ಆರೋಗ್ಯ ಬಹಳ ಚೆನ್ನಾಗಿದೆ, ಚಿರತೆಯ ಭಯವೂ ಇಲ್ಲ, ಗಡಿಯ ಭಯವೂ ಇಲ್ಲ, ಅವ್ವನಿಗೆ ಇದನ್ನು ಎರಡು ಸಲ ಓದಿ ಹೇಳಿರಿ.

ಗಾಡಿ ಬಂದು ನಿಂತಿದೆ, ಹಾರನ್ ಹಾಕುತ್ತಿದ್ದಾರೆ. ಆಸ್ಪತ್ರೆಯ ತಾರೀಕು ಗೊತ್ತಾದ ದಿನವೇ ತಮ್ಮ ಫೋನ್ ಮಾಡಲಿ. ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಗ,
ಮಲ್ಲು