ಬಿಲ್ಲು ಕೊಡುವ ಮೊದಲು ಕಣ್ಣು ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಶಿರಸಿಯಲ್ಲಿ ಮಕ್ಕಳ ಶಿಬಿರಗಳ ಭರಾಟೆ. ಚಿತ್ರಕಲೆ, ಈಜು, ಯಕ್ಷಗಾನದ ಜೊತೆ ಈಗ ಆರ್ಚರಿಯೂ ಸೇರಿಕೊಂಡಿದೆ. ಒಳ್ಳೆಯದೇ. ಅದನ್ನು ಕಲಿಸುವವರಿಗೆ ಒಂದು ಮಾತು ಹೇಳಬೇಕು ಅಂತ ಈ ಪತ್ರ. ನಾನು ಬಿಲ್ಲುಗಾರನಲ್ಲ, ದೇವಿಕೆರೆ ಹತ್ತಿರ ಬಟ್ಟೆ ಹೊಲಿಯುವವನು. ಈ ವಿಷಯ ಗೊತ್ತಾಗಿದ್ದು ಮಗಳಿಂದ.

ಕಳೆದ ವರ್ಷ ಅವಳಿಗೆ ಹನ್ನೊಂದು. ಅಂಥದೇ ಒಂದು ಶಿಬಿರಕ್ಕೆ ಸೇರಿಸಿದೆ. ಎಲ್ಲಿ, ಯಾರದು ಎನ್ನುವುದು ಬೇಡ. ಮೊದಲ ದಿನ "ಯಾವ ಕೈಲಿ ಬರೀತೀಯ?" ಎಂದು ಕೇಳಿದರಂತೆ. ಬಲಗೈ ಎಂದಳು. ಸರಿ, ಎಡಗೈಗೆ ಬಿಲ್ಲು, ಬಲಗೈಗೆ ಹೆದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಬಿದಿರಿನ ಬಿಲ್ಲಿಗೆ ಸೈಟ್ ಗೀಟ್ ಏನೂ ಇರಲಿಲ್ಲ. ಬಾಣದ ತುದಿ ನೋಡಿಯೇ ಗುರಿ ಹಿಡಿಯಬೇಕು. ಉಳಿದ ಮಕ್ಕಳ ಬಾಣ ಮೇಲೆ, ಕೆಳಗೆ, ಎಲ್ಲೆಲ್ಲೋ ಹೋಗುತ್ತಿದ್ದವು. ಇವಳದ್ದು ಮಾತ್ರ ಪ್ರತಿ ಸಲವೂ ಎಡಕ್ಕೆ. ಎರಡು ಸಲ ಪಕ್ಕದ ಹುಡುಗನ ಟಾರ್ಗೆಟ್‌ಗೆ ಹೋಗಿ ನಾಟಿತು. "ಗಮನ ಎಲ್ಲಿದೆ ನಿಂಗೆ?" ಎಂದು ಬೈಸಿಕೊಂಡಳು. ನಾಲ್ಕನೇ ದಿನ ಬೆಳಿಗ್ಗೆ ಚಪ್ಪಲಿಯನ್ನೇ ಹಾಕಿಕೊಳ್ಳಲಿಲ್ಲ. "ಅಪ್ಪ, ನಾ ಹೋಗೂದಿಲ್ಲ."

ಅವತ್ತು ಅಂಗಡಿಗೆ ಕರೆದುಕೊಂಡು ಬಂದೆ. ಸುಮ್ನೆ ಕೂತವಳು ಖಾಲಿ ನೂಲಿನ ರೀಲ್ ಎತ್ತಿಕೊಂಡು ದುರ್ಬೀನಿನ ಹಾಗೆ ರಸ್ತೆ ನೋಡತೊಡಗಿದಳು. ರೀಲ್ ಎತ್ತಿದ್ದು ಬಲಗೈಯಲ್ಲಿ, ಹಿಡಿದದ್ದು ಎಡಗಣ್ಣಿಗೆ. ಕೈಯನ್ನು ಮೂಗಿನ ಮುಂದಿನಿಂದ ದಾಟಿಸಿಕೊಂಡು! ದಿನಾ ಸೂಜಿಗೆ ನೂಲು ಹಾಕುವ ನನಗೆ ಇದು ವಿಚಿತ್ರ ಅನ್ನಿಸಿತು. ನಾನಾದರೆ ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ನೋಡುವವನು.

ಕಾಲರ್ ಅಳತೆಯ ರಟ್ಟಿನಲ್ಲಿ ರೂಪಾಯಿಯಗಲ ತೂತು ಕತ್ತರಿಸಿ ಕೊಟ್ಟೆ. "ಎರಡೂ ಕೈಲಿ ಮುಂದೆ ಚಾಚಿ ಹಿಡಿ. ಎರಡೂ ಕಣ್ಣು ಬಿಟ್ಕೊಂಡು ತೂತಲ್ಲಿ ಎದುರಿನ ಅಂಗಡಿ ಗಡಿಯಾರ ನೋಡು. ಈಗ ಬಲಗಣ್ಣು ಮುಚ್ಚು." ಇದೆ, ಎಂದಳು. "ಎಡಗಣ್ಣು ಮುಚ್ಚು." "ಅಯ್ಯೋ, ಹೋಯ್ತು!" ಮೂರು ಸಲ ಮಾಡಿಸಿದರೂ ಅದೇ. ಕೈ ಬಲ, ಕಣ್ಣು ಎಡ.

ಬಾಣ ಎಡಕ್ಕೇ ಯಾಕೆ ಹೋಗಬೇಕು ಎನ್ನುವುದನ್ನು ಕಟಿಂಗ್ ಟೇಬಲ್ ಮೇಲೆ ಚಾಕ್‌ಪೀಸಿನಲ್ಲಿ ಗೀಟು ಹಾಕಿ ನೋಡಿದೆ. ಬಲಗೈಯವರ ಬಾಣದ ಹಿಂದಿನ ತುದಿ ಇರುವುದು ಬಲಗಣ್ಣಿನ ಕೆಳಗೆ. ಆದರೆ ಇವಳು ಮುಂದಿನ ತುದಿಯನ್ನು ಗುರಿಗೆ ಕೂಡಿಸುತ್ತಿದ್ದದ್ದು ಎಡಗಣ್ಣಿನಿಂದ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ. ಬಾಣ 60 ಸೆಂ.ಮೀ. ಎಂದುಕೊಂಡರೆ, 10 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅದು ಹೆಚ್ಚುಕಡಿಮೆ ಒಂದು ಮೀಟರ್ ಎಡಕ್ಕೆ ಸರಿದಿರುತ್ತದೆ. ಪಕ್ಕದ ಹುಡುಗನ ಟಾರ್ಗೆಟ್ ಇದ್ದದ್ದೂ ಅಷ್ಟೇ ದೂರದಲ್ಲಿ. ಮಗು ಗಮನ ಕೊಟ್ಟೇ ಗುರಿ ಹಿಡಿದಿತ್ತು, ಪಾಪ.

ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಎರಡೂ ಕಣ್ಣು 6/6, ಅಂದರೆ ದೃಷ್ಟಿ ಸರಿಯಾಗೇ ಇದೆ. ಇದು ದೋಷವಲ್ಲ. ಕೈಗಳಲ್ಲಿ ಒಂದು ಮುಂದಾಗುವ ಹಾಗೆ ಕಣ್ಣುಗಳಲ್ಲೂ ಒಂದು ಮುಂದಾಗುತ್ತದೆ. ಎರಡೂ ಒಂದೇ ಬದಿಗೆ ಇರಬೇಕೆಂದೇನೂ ಇಲ್ಲ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಎಡಗಣ್ಣೇ ಮುಂದು. ಅಂದರೆ ಒಂದು ಶಿಬಿರದಲ್ಲಿ ಇಂಥ ಮಗು ಒಂದಾದರೂ ಇದ್ದೇ ಇರುತ್ತದೆ, ಅಲ್ವಾ?

ದಾರಿಗಳಿವೆ. "ಎಡಗಣ್ಣು ಮುಚ್ಚಿ ಬಿಡು" ಎನ್ನುವುದು ಸುಲಭದ್ದು. ಹೆದೆ ಎಳೆದು ನಿಂತಾಗ ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಇಡೀ ಮುಖ ಕಿವುಚಿಕೊಳ್ಳುತ್ತದೆ, ಅರ್ಧ ಗಂಟೆಗೆ ಇವಳಿಗೆ ತಲೆನೋವು. ಅದಕ್ಕೇ ಶರ್ಟ್ ಕಾಲರಿಗೆ ಹಾಕುವ ಬಕ್ರಮ್ ತುಂಡನ್ನು ಅವಳ ಟೋಪಿಯ ಅಂಚಿಗೆ ಹೊಲಿದು ಎಡಗಣ್ಣಿನ ಮುಂದೆ ಇಳಿಬಿಟ್ಟೆ. ಕಣ್ಣು ತೆರೆದೇ ಇರುತ್ತದೆ, ಗುರಿ ಮಾತ್ರ ಕಾಣುವುದಿಲ್ಲ. ಕನ್ನಡಕದವರು ಆ ಬದಿಯ ಗಾಜಿಗೆ ಟೇಪ್ ಅಂಟಿಸಿದರೂ ಆಯ್ತು. ದೊಡ್ಡ ಸ್ಪರ್ಧೆಗಳ ನಿಯಮದಲ್ಲೂ ಗುರಿ ಹಿಡಿಯದ ಕಣ್ಣನ್ನು ಮುಚ್ಚಿಕೊಳ್ಳಬಹುದು. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಗೇ ಒಂದು ಸಣ್ಣ ಕಿಂಡಿ ಕಟ್ಟಿರುತ್ತಾರೆ, ಅದರಲ್ಲಿ ಇಣುಕುವುದರಿಂದ ತೊಂದರೆ ಕಡಿಮೆ. ವರ್ಷಗಟ್ಟಲೆ ಬಲಗೈಯಲ್ಲಿ ಪಳಗಿದವರಿಗೆ ಇವೇ ಸರಿ.

ಹೊಸದಾಗಿ ಕಲಿಯುವ ಮಗುವಿಗೆ ಹಾಗಲ್ಲ. ಎರಡೂ ಕೈಗೆ ಬಿಲ್ಲು ಹೊಸದೇ. ಆಗಲೇ ಬದಲಿಸಿ, ಬಲಗೈಗೆ ಬಿಲ್ಲು ಕೊಟ್ಟು ಎಡಗೈಯಲ್ಲಿ ಹೆದೆ ಎಳೆಸಿದರೆ ಆಯ್ತು. ಕೊನೆಗೆ ನಾವು ಮಾಡಿದ್ದೂ ಅದನ್ನೇ. ಬಾಣವನ್ನು ಬಲಮಗ್ಗುಲಿಗೆ ಇಡುವಂಥ ಬಿದಿರಿನ ಬಿಲ್ಲು ಮಾಡಿಸಿದೆ. ಬೆರಳಿಗೆ ಹಾಕುವ ಚರ್ಮದ ಪಟ್ಟಿಯನ್ನು ಎಡಗೈಗೆ ಕೂರುವ ಹಾಗೆ ನಾನೇ ಕತ್ತರಿಸಿದೆ. ಎರಡು ವಾರ ತೋಳು ನಡುಗುತ್ತಿತ್ತು. ಈಗ ಅವಳ ಬಾಣವೂ ಎಲ್ಲರ ಬಾಣದ ಹಾಗೆ ಮೇಲೆ, ಕೆಳಗೆ, ಎಲ್ಲೆಲ್ಲೋ ಹೋಗುತ್ತದೆ. ನನಗೆ ಅಷ್ಟು ಸಾಕು.

ದ್ರೋಣರು ಹಕ್ಕಿಗೆ ಗುರಿ ಹಿಡಿಸಿ ಏನು ಕಾಣುತ್ತದೆ ಎಂದು ಕೇಳಿದರೇ ಹೊರತು, ಯಾವ ಕಣ್ಣಲ್ಲಿ ನೋಡ್ತೀಯಪ್ಪಾ ಎಂದು ಕೇಳಲಿಲ್ಲ. ಸವ್ಯಸಾಚಿಗೆ ಯಾವ ಕೈ ಆದರೂ ನಡೆಯುತ್ತಿತ್ತು ಬಿಡಿ.

ಶಿಬಿರದವರನ್ನು ದೂರಲು ನನಗೂ ಬಾಯಿಲ್ಲ. ಹಿಂದೆ ನನ್ನಲ್ಲಿ ಕೆಲಸ ಕಲಿಯಲು ಅಂಕೋಲಾ ಕಡೆಯ ಎಡಚ ಹುಡುಗನೊಬ್ಬ ಬಂದಿದ್ದ. ಅವನು ಕತ್ತರಿಸಿದರೆ ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡು ಅಂಚೆಲ್ಲ ಹಲ್ಲುಹಲ್ಲು. ಎರಡು ವರ್ಷ ಬೈದೆ. ಬಲಗೈಯವರಿಗೆ ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಅಲಗುಗಳು ಒಂದಕ್ಕೊಂದು ದೂರ ಸರಿಯುತ್ತವೆ ಎಂದು ತಿಳಿದದ್ದು ಅವನು ಬಿಟ್ಟುಹೋದ ಮೇಲೆ. ಈಗ ಊರಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ, ಎಡಗೈ ಕತ್ತರಿ ತರಿಸಿಕೊಂಡಿದ್ದಾನಂತೆ.

ಶಿಬಿರ ನಡೆಸುವವರಲ್ಲಿ, ಕ್ರೀಡಾ ಇಲಾಖೆಯವರಲ್ಲಿ ನಾನು ಕೇಳುವುದು ಇಷ್ಟೇ. ಬಿಲ್ಲು ಕೊಡುವ ಮುಂಚೆ ಪ್ರತಿ ಮಗುವಿಗೂ ಈ ರಟ್ಟಿನ ಪರೀಕ್ಷೆ ಮಾಡಿಸಿ. ಒಬ್ಬರಿಗೆ ಒಂದು ನಿಮಿಷವೂ ಬೇಡ. ಹತ್ತು ಬಿಲ್ಲು ತರಿಸುವಾಗ ಎರಡಾದರೂ ಎಡಗೈಯವು ಇರಲಿ. ತುದಿಗಳು ಮುಂದಕ್ಕೆ ಬಾಗಿರುವ, ಬಿಚ್ಚಿ ಜೋಡಿಸುವ ರಿಕರ್ವ್ ಬಿಲ್ಲಾದರೆ ಖರ್ಚು ಇನ್ನೂ ಕಡಿಮೆ. ಲಿಂಬ್ ಎನ್ನುವ ಮೇಲಿನ, ಕೆಳಗಿನ ತೋಳುಗಳು ಎರಡೂ ಕೈಯವರಿಗೆ ಒಂದೇ, ರೈಸರ್ ಎನ್ನುವ ನಡುವಿನ ಹಿಡಿಕೆ ಮಾತ್ರ ಬೇರೆ ಬೇಕು.

ಟೋಪಿಗೆ ಬಕ್ರಮ್ ಪಟ್ಟಿ ಬೇಕಿದ್ದವರಿಗೆ ನಾನೇ ಹೊಲಿದು ಕೊಡುತ್ತೇನೆ, ದುಡ್ಡು ಬೇಡ. ಆದರೆ ಮೇ ಒಳಗೆ ಬನ್ನಿ. ಜೂನ್ ಬಂತೆಂದರೆ ಯೂನಿಫಾರ್ಮ್ ಹೊಲಿಯುವುದರಲ್ಲಿ ತಲೆ ಎತ್ತಲಿಕ್ಕೆ ಆಗುವುದಿಲ್ಲ.

ಇಂತಿ,
ಒಬ್ಬ ಟೇಲರ್, ಶಿರಸಿ